ನಾಲ್ಕು ವಾರದ ಪೋಸ್ಟಿಂಗ್, ಮೂವತ್ತು ವರ್ಷದ ವೃತ್ತಿ: ಯುವ ವೈದ್ಯರು ವಿಭಾಗವನ್ನು ಆರಿಸಿಕೊಳ್ಳುವ ಬಗೆ

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೊದಲ ಬಾರಿಗೆ ಕೈತೊಳೆದು, ಗೌನು ತೊಟ್ಟು ನಿಲ್ಲುವ ವಿದ್ಯಾರ್ಥಿನಿಗೆ ಸಾಮಾನ್ಯವಾಗಿ ಸಿಗುವ ಕೆಲಸ ರಿಟ್ರ್ಯಾಕ್ಟರ್ ಹಿಡಿಯುವುದು. ಕೊಯ್ದ ಹೊಟ್ಟೆಯ ಅಂಚನ್ನು ಲೋಹದ ಆ ಸಾಧನದಿಂದ ಹಿಂದಕ್ಕೆ ಎಳೆದು ಹಿಡಿದು, ಸರ್ಜನ್‌ಗೆ ಜಾಗ ಮಾಡಿಕೊಟ್ಟು, ಎರಡು ಮೂರು ಗಂಟೆ ಅಲುಗಾಡದೆ ನಿಲ್ಲಬೇಕು. ಮಣಿಕಟ್ಟು ಜೋಮು ಹಿಡಿಯುತ್ತದೆ, ಮೂಗು ತುರಿಸಿದರೆ ಮುಟ್ಟುವಂತಿಲ್ಲ, ಮುಂದೆ ನಿಂತವರ ಭುಜಗಳ ಸಂದಿಯಿಂದ ಕಾಣುವುದು ಅಂಗೈಯಗಲದ ಕೆಂಪು ಜಾಗ ಮಾತ್ರ. ಆದರೂ ರಕ್ತ ಸುರಿಯುತ್ತಿದ್ದ ನಾಳವನ್ನು ಕಟ್ಟಿ ಮುಗಿಸಿದ ಸರ್ಜನ್ ಒಂದು ಕ್ಷಣ ತಲೆಯೆತ್ತಿ "ನೋಡಿದೆಯಾ?" ಎಂದು ಕೇಳಿದರೆ, ಆ ಒಂದು ಮಾತಿಗೆ ಆಕೆ ತನ್ನ ಮುಂದಿನ ಬದುಕನ್ನೇ ಸರ್ಜರಿಗೆ ಬರೆದುಕೊಟ್ಟುಬಿಡಬಹುದು. ಪಕ್ಕದಲ್ಲಿ ನಿಂತ ಇನ್ನೊಬ್ಬ ವಿದ್ಯಾರ್ಥಿ, ಹಿಡಿತ ಸ್ವಲ್ಪ ಸಡಿಲವಾದದ್ದಕ್ಕೆ ಎಲ್ಲರ ಎದುರು ಬೈಸಿಕೊಂಡು, ಈ ಕೊಠಡಿಯ ಕಡೆ ಇನ್ನೆಂದೂ ತಲೆ ಹಾಕುವುದಿಲ್ಲವೆಂದು ಅದೇ ದಿನ ನಿಶ್ಚಯಿಸಬಹುದು. ಸರ್ಜನ್ನರ ಬದುಕು ಹೇಗಿರುತ್ತದೆಂಬುದನ್ನು ಇಬ್ಬರೂ ಕಂಡಿಲ್ಲ. ಅವರು ಕಂಡದ್ದು ಒಬ್ಬ ಸರ್ಜನ್ ಕಳೆದ ಒಂದು ಬೆಳಗಿನ ಹೊತ್ತನ್ನು.

ಯಾವ ವಿಭಾಗದಲ್ಲಿ ತಜ್ಞರಾಗಬೇಕು, ವಿದ್ಯಾರ್ಥಿಗಳ ಮಾತಿನಲ್ಲಿ ಹೇಳುವುದಾದರೆ ‘ಯಾವ ಬ್ರ್ಯಾಂಚ್’ ಎಂಬ ಪ್ರಶ್ನೆಯನ್ನು ನಾವು ಹೆಚ್ಚಾಗಿ ಒಬ್ಬೊಬ್ಬರ ಅಭಿರುಚಿಯ ವಿಷಯವಾಗಿ ನೋಡುತ್ತೇವೆ. ಇಷ್ಟವಾದದ್ದನ್ನು ಆರಿಸಿಕೊಂಡರು, ಇಲ್ಲವೇ ದುಡ್ಡು ನೋಡಿ ಹೋದರು, ಇಲ್ಲವೇ ಕಷ್ಟಪಡಲು ಮನಸ್ಸಿಲ್ಲದೆ ಸುಲಭದ್ದನ್ನು ಹಿಡಿದರು ಎಂದು ತೀರ್ಪು ಕೊಟ್ಟು ಮುಗಿಸುತ್ತೇವೆ. ಈ ಮೂರೂ ವಿವರಣೆಗಳು ಮುಖ್ಯ ಸಂಗತಿಯೊಂದನ್ನು ಬಿಟ್ಟುಬಿಡುತ್ತವೆ ಎಂಬುದು ನನ್ನ ಅಭಿಪ್ರಾಯ. ವಿಭಾಗವನ್ನು ಆರಿಸಿಕೊಳ್ಳುವುದೆಂದರೆ ದಿನನಿತ್ಯದ ಒಂದು ಕೆಲಸವನ್ನು ಆರಿಸಿಕೊಳ್ಳುವುದು. ಒಂದೊಂದು ವಿಭಾಗದಲ್ಲಿ ಕೆಲವು ವಾರ ಮಾತ್ರ ಇರಿಸುವ ‘ಪೋಸ್ಟಿಂಗ್’ಗಳ ಮೂಲಕ ನಡೆಯುವ ವೈದ್ಯಕೀಯ ಶಿಕ್ಷಣ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಕಡಿಮೆ ತೋರಿಸುವುದು ಆ ದಿನನಿತ್ಯದ ಕೆಲಸವನ್ನೇ. ಕಾಣದೆ ಉಳಿದ ಆ ಜಾಗವನ್ನು ಬೇರೆ ಸುಳಿವುಗಳು ತುಂಬಿಕೊಳ್ಳುತ್ತವೆ: ಪರೀಕ್ಷೆಯ ರ‍್ಯಾಂಕು, ಸೀನಿಯರ್‌ಗಳ ಮಾತು, ರೌಂಡ್ಸ್ ನಡುವೆ ಕಿವಿಗೆ ಬಿದ್ದ ಟೀಕೆ, ಕಳೆದ ವರ್ಷ ಯಾವ ಸೀಟು ಮೊದಲು ತುಂಬಿತು ಎಂಬ ಲೆಕ್ಕ. ಒಂದು ದೇಶದಲ್ಲಿ ಮಕ್ಕಳ ವೈದ್ಯರು ಸಿಗುತ್ತಿಲ್ಲ, ಇನ್ನೊಂದರಲ್ಲಿ ಕುಟುಂಬ ವೈದ್ಯರ ಸೀಟುಗಳು ಖಾಲಿ ಬಿದ್ದಿವೆ ಎಂಬಂಥ ಸುದ್ದಿಗಳ ಬೇರು ಬಹುಮಟ್ಟಿಗೆ ಇಲ್ಲಿದೆ.

ವಿದ್ಯಾರ್ಥಿಗಳಿಗೆ ಕಾಣುವುದು ಎಷ್ಟು ಸಣ್ಣ ಭಾಗ ಎಂಬುದಕ್ಕೆ ಹಳೆಯದಾದರೂ ಇಂದಿಗೂ ಸವೆಯದ ಒಂದು ಲೆಕ್ಕವಿದೆ. 1961ರಲ್ಲಿ ಅಮೆರಿಕದ ವೈದ್ಯ ಸಂಶೋಧಕ ಕೆರ್ ವೈಟ್ ಮತ್ತು ಅವರ ಸಂಗಡಿಗರು, ಸಾವಿರ ಮಂದಿ ವಯಸ್ಕರಲ್ಲಿ ಒಂದು ತಿಂಗಳ ಅವಧಿಯಲ್ಲಿ ಯಾರು ಎಲ್ಲಿಯವರೆಗೆ ಹೋಗುತ್ತಾರೆ ಎಂಬುದನ್ನು ಅಂದಾಜು ಮಾಡಿದರು. ಸಾವಿರದಲ್ಲಿ ಸುಮಾರು 750 ಮಂದಿಗೆ ಏನಾದರೊಂದು ಕಾಯಿಲೆ ಅಥವಾ ಗಾಯ ಆಗಿರುತ್ತದೆ. 250 ಮಂದಿ ವೈದ್ಯರನ್ನು ಕಾಣುತ್ತಾರೆ. 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ. 5 ಮಂದಿಯನ್ನು ಬೇರೊಬ್ಬ ವೈದ್ಯರ ಬಳಿಗೆ ಕಳಿಸಲಾಗುತ್ತದೆ. ವಿಶ್ವವಿದ್ಯಾಲಯದ ಆಸ್ಪತ್ರೆಯನ್ನು ತಲುಪುವವರು ಒಬ್ಬರು. ನಲವತ್ತು ವರ್ಷಗಳ ಬಳಿಕ, 2001ರಲ್ಲಿ, ಅಮೆರಿಕದಲ್ಲಿ ಇದೇ ಲೆಕ್ಕವನ್ನು ಹೊಸ ಮಾಹಿತಿಯಿಂದ ಮತ್ತೆ ಮಾಡಿದಾಗಲೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ. ಪ್ರಪಂಚದ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವುದು ಆ ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ. ಉಳಿದ 249 ಮಂದಿಯನ್ನು ನೋಡಿಕೊಳ್ಳುವ ವೈದ್ಯರ ಕೆಲಸ ಅವರ ಕಣ್ಣಿಗೆ ಬೀಳುವುದೇ ಅಪರೂಪ.

ಇದರಿಂದ ಎರಡು ತಪ್ಪು ಅಂದಾಜುಗಳು ಹುಟ್ಟುತ್ತವೆ. ಬೋಧನಾ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ನಾಲ್ಕು ವಾರ ಕಳೆದವರು ಪುಸ್ತಕದಲ್ಲಿ ಅರ್ಧ ಪುಟ ಮಾತ್ರ ಇರುವ ವಿರಳ ಕಾಯಿಲೆಗಳನ್ನು ಕಂಡು ಬೆರಗಾಗುತ್ತಾರೆ. ಆದರೆ ನರರೋಗ ತಜ್ಞರ ಹೊರರೋಗಿ ವಿಭಾಗದಲ್ಲಿ ಸಾಲುಗಟ್ಟಿ ಕುಳಿತಿರುವವರು ತಲೆನೋವು, ತಲೆಸುತ್ತು, ಕೈಕಾಲು ಜುಮ್ಮೆನ್ನುವಿಕೆ, ಫಿಟ್ಸ್ ಮಾತ್ರೆಯ ಹೊಂದಾಣಿಕೆ ಎಂದು ಬಂದವರು. ಮೂಳೆ ವಿಭಾಗವೆಂದರೆ ಅಪಘಾತದ ರಾತ್ರಿಯ ಆಪರೇಷನ್ ಎಂದುಕೊಂಡವರಿಗೆ ಮುಂದೆ ವರ್ಷಗಟ್ಟಲೆ ಎದುರಾಗುವುದು ಸವೆದ ಮಂಡಿ ಮತ್ತು ಸೊಂಟನೋವು. ಇದು ಒಂದು ಬಗೆಯ ತಪ್ಪು. ಎರಡನೆಯ ತಪ್ಪಿನಿಂದ ಆಗುವ ನಷ್ಟ ಇನ್ನೂ ಹೆಚ್ಚಿನದೆಂದು ನನಗೆ ತೋರುತ್ತದೆ: ಹೊರಗಿನಿಂದ ನೋಡಿದರೆ ಏನೂ ನಡೆಯದಂತೆ ಕಾಣುವ ವಿಭಾಗಗಳ ಒಳಗಿನ ಕೌಶಲ ವಿದ್ಯಾರ್ಥಿಗಳಿಗೆ ತಿಳಿಯುವುದೇ ಇಲ್ಲ. ಅರಿವಳಿಕೆ ತಜ್ಞರು ಸೂಜಿ ಚುಚ್ಚಿ, ನಳಿಕೆ ಹಾಕಿ, ಬಳಿಕ ಸುಮ್ಮನೆ ಕುಳಿತಿದ್ದಾರೆ ಎಂದು ತಲೆಯ ಬದಿಯಲ್ಲಿ ನಿಂತ ವಿದ್ಯಾರ್ಥಿಗೆ ಅನಿಸುತ್ತದೆ. ಆ ‘ಸುಮ್ಮನೆ ಕುಳಿತ’ ವ್ಯಕ್ತಿ ಮಾನಿಟರಿನ ಸದ್ದಿನ ಏರಿಳಿತದಲ್ಲೇ ಆಮ್ಲಜನಕದ ಮಟ್ಟ ಇಳಿಯುತ್ತಿರುವುದನ್ನು ಗುರುತಿಸಿ, ಸರ್ಜನ್‌ಗೆ ಗೊತ್ತಾಗುವ ಮೊದಲೇ ಎರಡು ಔಷಧ ಕೊಟ್ಟು ಮುಗಿಸಿರುತ್ತಾರೆ. ಅದನ್ನು ಪಕ್ಕದಲ್ಲಿ ಕೂತು ಯಾರಾದರೂ ವಿವರಿಸಿ ಹೇಳದಿದ್ದರೆ ಕಾಣುವುದು ಹೇಗೆ? ಮನೋವೈದ್ಯರು ಒಂದು ಪ್ರಶ್ನೆ ಕೇಳಿ ಅರ್ಧ ನಿಮಿಷ ಮೌನವಾಗಿರುವುದು ಚಿಕಿತ್ಸೆಯ ಭಾಗವೆಂದೂ, ಪೆಥಾಲಜಿ ತಜ್ಞರು ಒಂದೇ ಗಾಜಿನ ಪಟ್ಟಿಯನ್ನು ಮೂರನೆಯ ಬಾರಿ ಸೂಕ್ಷ್ಮದರ್ಶಕದ ಕೆಳಗೆ ಇಡುವುದು ಒಬ್ಬರ ಸ್ತನವನ್ನು ಉಳಿಸುವ ಅಥವಾ ತೆಗೆಯುವ ನಿರ್ಧಾರವೆಂದೂ ತಿಳಿಯಬೇಕಾದರೆ ವಾರಗಳು ಸಾಲವು.

ನನ್ನ ಪ್ರಕಾರ ಒಬ್ಬ ವೈದ್ಯರು ತಮ್ಮ ವಿಭಾಗದಲ್ಲಿ ನೆಮ್ಮದಿಯಿಂದ ಇರುತ್ತಾರೋ ಇಲ್ಲವೋ ಎಂಬುದನ್ನು ಆ ವಿಭಾಗದ ರೋಚಕ ಪ್ರಕರಣಗಳಿಗಿಂತ ಅದರ ಸಾಮಾನ್ಯ ಪ್ರಕರಣ ಹೆಚ್ಚಾಗಿ ತೀರ್ಮಾನಿಸುತ್ತದೆ. ಅದೇ ಮಂಡಿನೋವನ್ನು ದಿನದ ನಲವತ್ತನೆಯ ರೋಗಿ ಹೇಳುವಾಗಲೂ ಅವರ ಮುಖ ನೋಡಿ ಕೇಳಿಸಿಕೊಳ್ಳುವ ವ್ಯವಧಾನ ಉಳಿದಿರುತ್ತದೆಯೇ? ನೂರು ಎದೆಯ ಎಕ್ಸ್‌ರೇಗಳಲ್ಲಿ ತೊಂಬತ್ತು ಸರಿಯಾಗಿರುವಾಗ ತೊಂಬತ್ತೊಂದನೆಯದನ್ನು ಮೊದಲನೆಯದರಷ್ಟೇ ಎಚ್ಚರದಿಂದ ನೋಡಲು ಸಾಧ್ಯವೇ? ಮಗುವಿಗೆ ಬಂದಿರುವುದು ಸಾಮಾನ್ಯ ಜ್ವರವೆಂದು ತನಗೆ ಖಚಿತವಾಗಿ ಗೊತ್ತಿದ್ದರೂ, ರಾತ್ರಿಯಿಡೀ ನಿದ್ದೆಗೆಟ್ಟ ತಾಯಿಗೆ ಅದನ್ನು ಐದನೆಯ ಸಲ ಅಷ್ಟೇ ಮೆತ್ತಗೆ ಹೇಳಲು ಆಗುತ್ತದೆಯೇ? ಇವೆಲ್ಲ ಸ್ವಭಾವಕ್ಕೆ ಸಂಬಂಧಿಸಿದ ಪ್ರಶ್ನೆಗಳು, ಯಾವ ಪ್ರವೇಶ ಪರೀಕ್ಷೆಯೂ ಇವನ್ನು ಕೇಳುವುದಿಲ್ಲ. ದುರದೃಷ್ಟವೆಂದರೆ ವಿದ್ಯಾರ್ಥಿಗಳು ತಮ್ಮನ್ನು ತಾವೂ ಕೇಳಿಕೊಳ್ಳುವುದಿಲ್ಲ, ಏಕೆಂದರೆ ಕೇಳಿಕೊಳ್ಳುವ ಸಂದರ್ಭವೇ ಅವರಿಗೆ ಒದಗಿರುವುದಿಲ್ಲ.

ಹೀಗೆ ಅರ್ಧ ಕಂಡ ವಿಭಾಗಗಳ ನಡುವೆ ದಾರಿ ಹುಡುಕುವವರಿಗೆ ಅತ್ಯಂತ ಸಹಜವಾದ ದಿಕ್ಸೂಚಿ ಒಬ್ಬ ಮನುಷ್ಯ. ಯಾವ ವೈದ್ಯರನ್ನು ಮಾತಿಗೆಳೆದರೂ, ಈ ವಿಭಾಗಕ್ಕೆ ಏಕೆ ಬಂದಿರಿ ಎಂದು ಕೇಳಿದರೆ, ಕಾರಣಗಳ ನಡುವೆ ಒಬ್ಬ ಗುರುವಿನ ಹೆಸರು ಬಂದೇ ಬರುತ್ತದೆ. ಒಳ್ಳೆಯ ಯೂನಿಟ್ಟಿನಲ್ಲಿ, ಪ್ರಶ್ನೆ ಕೇಳಿದರೆ ಸಿಡುಕದ, ರೋಗಿಯ ಕೈ ಹಿಡಿದು ಮಾತಾಡಿಸುವ ಹಿರಿಯರ ಕೆಳಗೆ ಕೆಲಸ ಮಾಡಿದವರು ಆ ಹಿರಿಯರಂತೆ ಆಗಬೇಕೆಂದು ಬಯಸುತ್ತಾರೆ. ಆ ಬಯಕೆಯಲ್ಲಿ ತಪ್ಪೇನಿಲ್ಲ, ವೈದ್ಯವೃತ್ತಿ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿರುವುದೇ ಹೀಗೆ. ತೊಡಕು ಇರುವುದು ಇದರ ಇನ್ನೊಂದು ಮುಖದಲ್ಲಿ. ಪಠ್ಯಕ್ರಮದಲ್ಲಿ ಎಲ್ಲಿಯೂ ಬರೆದಿಲ್ಲದ ಪಾಠವೊಂದನ್ನು ವಾರ್ಡು ಪ್ರತಿದಿನ ಕಲಿಸುತ್ತದೆ. "ಇಷ್ಟು ಬುದ್ಧಿಯಿದ್ದೂ ಜನರಲ್ ಪ್ರಾಕ್ಟೀಸಾ?" "ಮನೋವೈದ್ಯರಾಗಲು ಇಷ್ಟೆಲ್ಲ ಓದಬೇಕಿತ್ತಾ?" ಎಂಬ ಮಾತುಗಳು ತಮಾಷೆಯ ಧಾಟಿಯಲ್ಲೇ ಬರುತ್ತವೆ, ಆದರೆ ಇಪ್ಪತ್ತಮೂರು ವರ್ಷದವರ ಮನಸ್ಸಿನಲ್ಲಿ ಅವು ತಮಾಷೆಯಾಗಿ ಉಳಿಯುವುದಿಲ್ಲ. 

ಈ ಮೇಲು-ಕೀಳಿನ ಭಾವನೆ ಎಷ್ಟು ಹಳೆಯದು, ಎಷ್ಟು ಮೇಲಿನವರೆಗೂ ಹಬ್ಬಿತ್ತು ಎಂಬುದನ್ನು 1958ರ ಬ್ರಿಟನ್ನಿನ ಪ್ರಸಂಗವೊಂದು ತೋರಿಸುತ್ತದೆ. ವೈದ್ಯರ ಸಂಬಳದ ಬಗ್ಗೆ ವಿಚಾರಣೆ ನಡೆಸುತ್ತಿದ್ದ ರಾಯಲ್ ಕಮಿಷನ್ನಿನ ಮುಂದೆ, ಚರ್ಚಿಲ್ ಅವರ ವೈದ್ಯರಾಗಿದ್ದ ಲಾರ್ಡ್ ಮೊರಾನ್ ಹಾಜರಾದಾಗ, ಸಾಮಾನ್ಯ ವೈದ್ಯರೂ ತಜ್ಞವೈದ್ಯರೂ ಒಂದೇ ಮಟ್ಟದವರೇ ಎಂಬ ಪ್ರಶ್ನೆ ಬಂತು. ಖಂಡಿತ ಅಲ್ಲ ಎಂಬುದು ಅವರ ಉತ್ತರ: ಎಲ್ಲರ ಗುರಿಯೂ ಏಣಿಯ ತುದಿಯಾಗಿತ್ತು, ಕೆಲವರು ಅದರಿಂದ ಬಿದ್ದರು, ಬಿದ್ದವರನ್ನು ತುದಿ ಮುಟ್ಟಿದವರಿಗೆ ಸಮವೆನ್ನುವುದು ಹೇಗೆ ಎಂಬ ಅರ್ಥದ ಮಾತನ್ನು ಅವರು ಆಡಿದರು. ಬ್ರಿಟನ್ನಿನ ಸಾಮಾನ್ಯ ವೈದ್ಯರು ಆ ಮಾತನ್ನು ದಶಕಗಳ ಕಾಲ ಮರೆಯಲಿಲ್ಲ. ಅಂದಿನಿಂದ ಕುಟುಂಬ ವೈದ್ಯಕೀಯ ತನ್ನದೇ ತರಬೇತಿ, ಪರೀಕ್ಷೆ, ಸಂಶೋಧನೆಗಳನ್ನು ಕಟ್ಟಿಕೊಂಡು ಸ್ವತಂತ್ರ ವಿಭಾಗವಾಗಿ ಬೆಳೆದಿದೆ. ಆದರೂ ಬೋಧನಾ ಆಸ್ಪತ್ರೆಯ ಮಾತುಕತೆಯಲ್ಲಿ ಏಣಿಯ ಆ ಕಲ್ಪನೆ ಇನ್ನೂ ಜೀವಂತವಾಗಿದೆ, ಮತ್ತು ಅದಕ್ಕೆ ಬೆಲೆ ತೆರುವವರು ಹತ್ತಿರದಲ್ಲೊಬ್ಬ ಪರಿಚಿತ ವೈದ್ಯರಿಲ್ಲದೆ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದ ರೋಗಿಗಳು.

ಇನ್ನು ಬದುಕಿನ ಪ್ರಶ್ನೆ. ಅಮೆರಿಕದ ವಿದ್ಯಾರ್ಥಿಗಳು ರೇಡಿಯಾಲಜಿ, ನೇತ್ರಚಿಕಿತ್ಸೆ, ಅರಿವಳಿಕೆ, ಚರ್ಮರೋಗ ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ‘ರೋಡ್’ ಎನ್ನುತ್ತಾರೆ. ನೆಮ್ಮದಿಯ ಬದುಕಿನ ರಸ್ತೆ ಎಂಬ ಅರ್ಥವೂ ಅದರಲ್ಲಿದೆ. ಕೆಲಸದ ಹೊತ್ತು ತನ್ನ ಹಿಡಿತದಲ್ಲಿರುವ ವಿಭಾಗಗಳು ಎಂಬ ವರ್ಗೀಕರಣ 1980ರ ದಶಕದ ಕೊನೆಯಲ್ಲಿ ಸಂಶೋಧನೆಗೆ ಬಂತು. 2003ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಪ್ರಕಟವಾದ ಅಧ್ಯಯನವೊಂದು 1996ರಿಂದ 2002ರವರೆಗಿನ ಆಯ್ಕೆಗಳನ್ನು ಪರಿಶೀಲಿಸಿ, ಆದಾಯ, ಕೆಲಸದ ಗಂಟೆಗಳು, ತರಬೇತಿಯ ವರ್ಷಗಳು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒಲವಿನ ವ್ಯತ್ಯಾಸದ 55 ಪ್ರತಿಶತವನ್ನು ಈ ಹಿಡಿತದ ಅಂಶ ವಿವರಿಸುತ್ತದೆ ಎಂದು ಕಂಡುಕೊಂಡಿತು. ಇದರಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಟ್ಟು ಗಂಟೆಗಳು ಬೇರೆ, ಆ ಗಂಟೆಗಳ ಮೇಲಿನ ಹಿಡಿತ ಬೇರೆ. ವಾರಕ್ಕೆ ಅರವತ್ತು ಗಂಟೆ ದುಡಿಯಲು ಸಿದ್ಧರಿರುವವರು ಬೇಕಾದಷ್ಟಿದ್ದಾರೆ. ಅವರನ್ನು ಕಂಗೆಡಿಸುವುದು ಯಾವ ರಾತ್ರಿ ಫೋನು ಬರುತ್ತದೆಂದು ಗೊತ್ತಿಲ್ಲದ, ಮಗುವಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗದ ಅನಿಶ್ಚಿತತೆ.

ಹಿರಿಯ ತಲೆಮಾರಿನ ಹಲವು ವೈದ್ಯರು ಇದನ್ನು ಸೋಮಾರಿತನವೆಂದು ಕರೆಯುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲೇ ವಾಸಿಸುತ್ತಿದ್ದ ಕಾರಣಕ್ಕೆ ತರಬೇತಿ ವೈದ್ಯರಿಗೆ ‘ರೆಸಿಡೆಂಟ್’ ಎಂಬ ಹೆಸರು ಬಂದ ಕಾಲದಲ್ಲಿ, ಆ ವೈದ್ಯರ ಮನೆಯನ್ನು ಇನ್ನಾರೋ ನಡೆಸುತ್ತಿದ್ದರು, ಹೆಚ್ಚಾಗಿ ಹೆಂಡತಿ. 2019ರಲ್ಲಿ ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಮಹಿಳೆಯರ ಸಂಖ್ಯೆ ಮೊದಲ ಬಾರಿಗೆ ಅರ್ಧವನ್ನು ದಾಟಿತು. ಇತರ ಅನೇಕ ದೇಶಗಳಲ್ಲಿ ಇದು ಮೊದಲೇ ಆಗಿತ್ತು. ತಜ್ಞ ತರಬೇತಿಯ ವರ್ಷಗಳು ಮಕ್ಕಳಾಗುವ ವರ್ಷಗಳ ಮೇಲೆಯೇ ಬಂದು ಕೂರುತ್ತವೆ. ಹೀಗಿರುವಾಗ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿ ಅಮೆರಿಕದಲ್ಲಿ ಇಂದಿಗೂ ಮಹಿಳೆಯರು ಕಾಲು ಭಾಗಕ್ಕಿಂತ ಕಡಿಮೆ ಇರುವುದನ್ನು ಅವರ ‘ಆಯ್ಕೆ’ ಎಂದು ಕರೆಯುವ ಮೊದಲು, ಬಸುರಿ ತರಬೇತಿ ವೈದ್ಯೆಯೊಬ್ಬರು ರಾತ್ರಿ ಡ್ಯೂಟಿ ಬದಲಿಸಿಕೊಳ್ಳಲು ಕೇಳಿದಾಗ ಸಹೋದ್ಯೋಗಿಗಳ ಮುಖ ಹೇಗಾಯಿತು ಎಂಬುದನ್ನು ಪಕ್ಕದಲ್ಲಿ ನಿಂತ ಕಿರಿಯ ವಿದ್ಯಾರ್ಥಿನಿಯರು ಗಮನಿಸಿರುತ್ತಾರೆ ಎಂಬುದನ್ನು ನೆನಪಿಡಬೇಕು. ಅಮೆರಿಕದಲ್ಲಿ ತರಬೇತಿ ವೈದ್ಯರ ಕೆಲಸವನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿದ್ದು 2003ರಲ್ಲಿ. ಯುರೋಪಿಯನ್ ಒಕ್ಕೂಟದ ನಿಯಮ 48 ಗಂಟೆ. ಎಂಬತ್ತು ಗಂಟೆ ಎಂಬುದು ಸುಧಾರಣೆಯಾಗಿ ಬಂದ ಮಿತಿ ಎಂಬುದರಿಂದಲೇ ಅದಕ್ಕೂ ಹಿಂದಿನ ಸ್ಥಿತಿಯನ್ನು ಊಹಿಸಬಹುದು.

ಆದರೆ ಬಯಕೆ ಏನೇ ಇರಲಿ, ಬಾಗಿಲು ತೆರೆಯುವ ವಿಧಾನ ಆಯ್ಕೆಯನ್ನು ತಿದ್ದುತ್ತದೆ. ಇದರ ಪ್ರಭಾವವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ ಎಂದು ನನಗನಿಸುತ್ತದೆ. 1940ರ ದಶಕದ ಅಮೆರಿಕದಲ್ಲಿ ಆಸ್ಪತ್ರೆಗಳು ಒಳ್ಳೆಯ ವಿದ್ಯಾರ್ಥಿಗಳನ್ನು ಹಿಡಿಯಲು ಪೈಪೋಟಿಗೆ ಬಿದ್ದು, ಪದವಿ ಮುಗಿಯಲು ಎರಡು ವರ್ಷವಿರುವಾಗಲೇ ಹುದ್ದೆ ಕೊಡಲು ಶುರು ಮಾಡಿದವು. ದಿನಾಂಕಕ್ಕೆ ಕಡಿವಾಣ ಹಾಕಿದಾಗ, ಕೆಲವೇ ಗಂಟೆಗಳಲ್ಲಿ ಹೌದು ಅಥವಾ ಇಲ್ಲ ಹೇಳಬೇಕೆಂಬ ಒತ್ತಾಯ ಆರಂಭವಾಯಿತು. ಈ ಗೊಂದಲಕ್ಕೆ ಉತ್ತರವಾಗಿ 1952ರಲ್ಲಿ ‘ಮ್ಯಾಚ್’ ಪದ್ಧತಿ ಬಂತು. ವಿದ್ಯಾರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ತರಬೇತಿ ಕಾರ್ಯಕ್ರಮಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ, ಕಾರ್ಯಕ್ರಮಗಳು ವಿದ್ಯಾರ್ಥಿಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆಯುತ್ತವೆ, ಎರಡನ್ನೂ ಹೊಂದಿಸಿ ಒಂದೇ ದಿನ ಫಲಿತಾಂಶ ಪ್ರಕಟವಾಗುತ್ತದೆ. ಇಂಥ ಹೊಂದಾಣಿಕೆಯ ಗಣಿತವನ್ನು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ವಿವರಿಸಿದರು. ಆಲ್ವಿನ್ ರಾಥ್ ಮತ್ತು ಎಲಿಯಟ್ ಪೆರಾನ್ಸನ್ ಮರುವಿನ್ಯಾಸ ಮಾಡಿದ, ವಿದ್ಯಾರ್ಥಿಯ ಇಷ್ಟಕ್ಕೆ ಆದ್ಯತೆ ಕೊಡುವ ರೂಪ 1998ರಿಂದ ಜಾರಿಗೆ ಬಂತು. ಶಾಪ್ಲಿ ಮತ್ತು ರಾಥ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ಕೆಲಸಕ್ಕೆ. ವಿದ್ಯಾರ್ಥಿ ತನ್ನ ನಿಜವಾದ ಇಷ್ಟವನ್ನು ಮೊದಲನೆಯದಾಗಿ ಬರೆದರೆ ಅದರಿಂದ ನಷ್ಟವಾಗದಂತೆ ನೋಡಿಕೊಳ್ಳುವುದು ಈ ವಿಧಾನದ ದೊಡ್ಡ ಗುಣ.

ಭಾರತ ಮತ್ತು ಸ್ಪೇನ್‌ನಂಥ ದೇಶಗಳ ದಾರಿ ಬೇರೆ. ಅಲ್ಲಿ ರಾಷ್ಟ್ರೀಯ ಪರೀಕ್ಷೆಯೊಂದರ ರ‍್ಯಾಂಕಿನ ಕ್ರಮದಲ್ಲಿ ಅಭ್ಯರ್ಥಿಗಳಿಗೆ ವಿಭಾಗವೂ ಸಂಸ್ಥೆಯೂ ಸಿಗುತ್ತವೆ. ಈ ವಿಧಾನಕ್ಕೆ ಸ್ಪಷ್ಟ ಗುಣವಿದೆ: ಸಂದರ್ಶನದಲ್ಲಿ ನಡೆಯಬಹುದಾದ ಪಕ್ಷಪಾತಕ್ಕೆ, ಶಿಫಾರಸಿಗೆ ಆಸ್ಪದವಿಲ್ಲ. ಆದರೆ ಅದರ ಅಡ್ಡಪರಿಣಾಮವೊಂದನ್ನು ಹತ್ತಿರದಿಂದ ನೋಡಬೇಕು. ಪ್ರತಿ ವರ್ಷ ಯಾವ ವಿಭಾಗದ ಸೀಟು ಎಷ್ಟನೆಯ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿ ಹೊರಬರುತ್ತದೆ, ಆ ಪಟ್ಟಿಯೇ ಮುಂದಿನ ವರ್ಷದವರಿಗೆ ವಿಭಾಗದ ಬೆಲೆಪಟ್ಟಿಯಾಗುತ್ತದೆ. ಒಳ್ಳೆಯ ರ‍್ಯಾಂಕು ಬಂದವರು ರೇಡಿಯಾಲಜಿ ಬಿಟ್ಟು ಮನೋವೈದ್ಯಕೀಯಕ್ಕೆ ಹೋದರೆ ರ‍್ಯಾಂಕನ್ನು ‘ವ್ಯರ್ಥ’ ಮಾಡಿದಂತೆ ಮನೆಯವರಿಗೂ ಗೆಳೆಯರಿಗೂ ತೋರುತ್ತದೆ. ಕೌನ್ಸೆಲಿಂಗ್ ಪುಟ ತೆರೆದು ಕುಳಿತವರ ಮುಂದೆ ಆಗ ಎರಡು ಪ್ರಶ್ನೆಗಳಿರುತ್ತವೆ: ನನಗೆ ಏನು ಬೇಕು, ಮತ್ತು ಈ ರ‍್ಯಾಂಕಿಗೆ ಸಿಗುವ ಅತ್ಯಂತ ‘ಮೇಲಿನ’ ಸೀಟು ಯಾವುದು. ಗಡುವು ಹತ್ತಿರವಾದಂತೆ ಎರಡನೆಯ ಪ್ರಶ್ನೆ ಮೊದಲನೆಯದನ್ನು ನುಂಗಿಹಾಕುತ್ತದೆ. ಭಾರತದಲ್ಲಿ 2023ರ ನೀಟ್-ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಬಳಿಕ ಉಳಿದ ಸೀಟುಗಳನ್ನು ತುಂಬಲು ಅರ್ಹತೆಗೆ ಬೇಕಾದ ಕನಿಷ್ಠ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಲಾಯಿತು; ಹೀಗೆ ಕೊನೆಗೆ ಉಳಿಯುವ ಸೀಟುಗಳಲ್ಲಿ ಅಂಗರಚನಾಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರದಂಥ ರೋಗಿಗಳ ನೇರ ಸಂಪರ್ಕ ಕಡಿಮೆಯಿರುವ ವಿಭಾಗಗಳದ್ದೇ ದೊಡ್ಡ ಪಾಲು. ಸ್ಪೇನ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೊನೆಗೆ ಉಳಿದದ್ದು ಕುಟುಂಬ ವೈದ್ಯಕೀಯದ ಸೀಟುಗಳು. ಮುಂದಿನ ತಲೆಮಾರಿನ ವೈದ್ಯರಿಗೆ ಪಾಠ ಹೇಳುವವರು, ಸೋಂಕಿನ ಮೂಲ ಪತ್ತೆ ಮಾಡುವವರು, ರೋಗಿಯನ್ನು ಮೊದಲು ಕಾಣುವವರು ಉಳಿಕೆಯ ಸೀಟುಗಳಿಂದ ಬರುವಂತಾಗುವುದು ಯಾವ ದೇಶಕ್ಕೂ ಒಳ್ಳೆಯದಲ್ಲ. 

ಬ್ರಿಟನ್ನಿನಲ್ಲಿ ಪದವಿಯ ಬಳಿಕ ಎರಡು ವರ್ಷದ ಫೌಂಡೇಶನ್ ತರಬೇತಿಯಲ್ಲಿ ಬೇರೆಬೇರೆ ವಿಭಾಗಗಳಲ್ಲಿ ತಿಂಗಳುಗಟ್ಟಲೆ ದುಡಿದು ನಂತರ ಆರಿಸಿಕೊಳ್ಳಲು ಅವಕಾಶವಿದೆ, ತಾತ್ವಿಕವಾಗಿ ಇದು ಹೆಚ್ಚು ವಿವೇಕದ ವ್ಯವಸ್ಥೆ. ಆದರೆ 2025ರಲ್ಲಿ ಸುಮಾರು 10,000 ತಜ್ಞ ತರಬೇತಿ ಹುದ್ದೆಗಳಿಗೆ 30,000ಕ್ಕೂ ಹೆಚ್ಚು ವೈದ್ಯರು ಅರ್ಜಿ ಹಾಕಿದ್ದರು. ಅಂಥ ನೂಕುನುಗ್ಗಲಿನಲ್ಲಿ ನೋಡಿ ಆರಿಸುವ ಸ್ವಾತಂತ್ರ್ಯ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಹಣದ ವಿಷಯವನ್ನು ನಾನು ತಳ್ಳಿಹಾಕುತ್ತಿಲ್ಲ. ಸಾಲ ಮಾಡಿ ಓದಿದವರು ಸಾಲ ತೀರಿಸುವ ದಾರಿ ನೋಡುವುದು ಸಹಜ, ಆಪರೇಷನ್‌ನಂಥ ಕಾರ್ಯವಿಧಾನಗಳಿಗೆ ಹೆಚ್ಚು ಮತ್ತು ರೋಗಿಯೊಡನೆ ಮಾತುಕತೆಗೆ ಕಡಿಮೆ ಪಾವತಿಸುವ ವ್ಯವಸ್ಥೆಯಲ್ಲಿ ಅವರು ಕಾರ್ಯವಿಧಾನಗಳ ಕಡೆ ಹೋಗುವುದೂ ಸಹಜ. ಆದರೆ ಹಣಕ್ಕಿಂತ ಬೇಗ ಕೆಲಸ ಮಾಡುವ ಶಕ್ತಿ ಭಯ. ಜಪಾನಿನ ಫುಕುಶಿಮಾ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ 2004ರಲ್ಲಿ ಸಿಸೇರಿಯನ್ ವೇಳೆ ತಾಯಿಯೊಬ್ಬರು ತೀರಿಕೊಂಡರು. ಗರ್ಭಕೋಶಕ್ಕೆ ಮಾಸು ಅಂಟಿಕೊಂಡಿದ್ದ ಕಠಿಣ ಪ್ರಕರಣ ಅದು. ಅಲ್ಲಿದ್ದ ಏಕೈಕ ಪ್ರಸೂತಿ ತಜ್ಞರನ್ನು 2006ರಲ್ಲಿ ಬಂಧಿಸಲಾಯಿತು, 2008ರಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ದಕ್ಷಿಣ ಕೊರಿಯಾದಲ್ಲಿ 2017ರಲ್ಲಿ ನಾಲ್ಕು ನವಜಾತ ಶಿಶುಗಳು ಮೃತಪಟ್ಟ ಪ್ರಕರಣದಲ್ಲಿ ವೈದ್ಯರು ಜೈಲಿಗೆ ಹೋದರು, ಅವರೂ ಕೊನೆಗೆ ನಿರ್ದೋಷಿಗಳೆಂದು ಬಿಡುಗಡೆಯಾದರು. ಮಗುವನ್ನು ಕಳೆದುಕೊಂಡ ಮನೆಯವರ ದುಃಖ ಮತ್ತು ಉತ್ತರ ಕೇಳುವ ಹಕ್ಕು ಎರಡೂ ದೊಡ್ಡವು. ಆದರೆ ತೀರ್ಪು ಬರುವ ಹೊತ್ತಿಗೆ, ಕೈಕೋಳ ತೊಟ್ಟ ವೈದ್ಯರ ಚಿತ್ರವನ್ನು ಒಂದಿಡೀ ತಲೆಮಾರಿನ ವಿದ್ಯಾರ್ಥಿಗಳು ನೋಡಿ ಆಗಿತ್ತು. ಜನನ ಪ್ರಮಾಣ ಕುಸಿಯುತ್ತಿದ್ದ, ಮಕ್ಕಳ ಚಿಕಿತ್ಸೆಗೆ ಶುಲ್ಕ ಕಡಿಮೆಯಿದ್ದ ಕೊರಿಯಾದಲ್ಲಿ ಮಕ್ಕಳ ವಿಭಾಗದ ತರಬೇತಿ ಸೀಟುಗಳು ನಂತರದ ವರ್ಷಗಳಲ್ಲಿ ಬಹುಪಾಲು ಖಾಲಿ ಉಳಿದವು. 2024ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ವೈದ್ಯಕೀಯ ಪ್ರವೇಶವನ್ನು ವರ್ಷಕ್ಕೆ 3,058ರಿಂದ 2,000ದಷ್ಟು ಹೆಚ್ಚಿಸುವುದಾಗಿ ಹೇಳಿದಾಗ ಸಾವಿರಾರು ತರಬೇತಿ ವೈದ್ಯರು ಕೆಲಸ ಬಿಟ್ಟರು. ಅವರ ಪ್ರತಿಭಟನೆಯ ಎಲ್ಲ ವಾದಗಳನ್ನೂ ಒಪ್ಪಬೇಕಿಲ್ಲ. ಆದರೆ ಹೆಚ್ಚು ವೈದ್ಯರನ್ನು ತಯಾರಿಸಿದ ಮಾತ್ರಕ್ಕೆ ಅವರು ಕೊರತೆಯಿರುವ ವಿಭಾಗಕ್ಕೇ ಹೋಗುತ್ತಾರೆ ಎಂಬ ಖಾತರಿಯಿಲ್ಲ ಎಂಬ ಮಾತು ಸರಿಯಾಗಿತ್ತು.

ಮುನ್ಸೂಚನೆಗಳು ಕೂಡ ಇದೇ ವೇಗದಲ್ಲಿ ಕೆಲಸ ಮಾಡುತ್ತವೆ. 2030ರ ಹೊತ್ತಿಗೆ ಅಮೆರಿಕದಲ್ಲಿ ತುರ್ತುಚಿಕಿತ್ಸಾ ವೈದ್ಯರು ಅಗತ್ಯಕ್ಕಿಂತ ಸಾವಿರಾರು ಸಂಖ್ಯೆಯಲ್ಲಿ ಹೆಚ್ಚಾಗುತ್ತಾರೆ ಎಂಬ ಅಂದಾಜು 2021ರಲ್ಲಿ ಪ್ರಕಟವಾಯಿತು. ಕೋವಿಡ್ ಕಾಲದ ದಣಿವೂ ಸೇರಿಕೊಂಡು, 2023ರ ಮ್ಯಾಚ್‌ನಲ್ಲಿ ಆ ವಿಭಾಗದ 554 ಸೀಟುಗಳು ಮೊದಲ ಸುತ್ತಿನಲ್ಲಿ ತುಂಬದೆ ಉಳಿದವು, ಮರುವರ್ಷ ಆ ಸಂಖ್ಯೆ 135ಕ್ಕೆ ಇಳಿಯಿತು. ವಿಭಾಗದ ಕೆಲಸ ಒಂದು ವರ್ಷದಲ್ಲಿ ಬದಲಾಗಿರಲಿಲ್ಲ, ಅದರ ಬಗೆಗಿನ ಮಾತು ಬದಲಾಗಿತ್ತು. 2016ರಲ್ಲಿ ಕೃತಕ ಬುದ್ಧಿಮತ್ತೆಯ ಪ್ರಮುಖ ವಿಜ್ಞಾನಿ ಜೆಫ್ರಿ ಹಿಂಟನ್, ರೇಡಿಯಾಲಜಿ ತಜ್ಞರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದಿದ್ದರು. ಹತ್ತಿರ ಹತ್ತು ವರ್ಷ ಕಳೆದ ಮೇಲೂ ರೇಡಿಯಾಲಜಿ ತಜ್ಞರ ಕೊರತೆಯೇ ಹಲವು ದೇಶಗಳ ಚಿಂತೆಯಾಗಿದೆ. ಆ ಮಾತನ್ನು ನಂಬಿ ಬೇರೆ ದಾರಿ ಹಿಡಿದವರೂ ಇದ್ದಿರಬೇಕು.

ಹಾಗೆಂದು ವಿಭಾಗಗಳು ಬದಲಾಗುವುದಿಲ್ಲವೆಂದಲ್ಲ, ಯಾರೂ ಊಹಿಸದ ದಿಕ್ಕಿನಿಂದ ಬದಲಾಗುತ್ತವೆ. 1970ರ ದಶಕದಲ್ಲಿ ಸಾಮಾನ್ಯ ಸರ್ಜನ್ನರ ದೈನಂದಿನ ಕೆಲಸಗಳಲ್ಲಿ ಒಂದಾಗಿದ್ದದ್ದು ಜಠರದ ಹುಣ್ಣಿನ ಆಪರೇಷನ್. ಹೊಸ ಔಷಧಗಳು ಬಂದವು. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಬಹುಪಾಲು ಹುಣ್ಣುಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆಯೆಂದು ತೋರಿಸಿದರು, ಅದಕ್ಕೆ 2005ರಲ್ಲಿ ನೊಬೆಲ್ ಪಡೆದರು. ವರ್ಷಗಟ್ಟಲೆ ಕಲಿತ ಆ ಆಪರೇಷನ್ ಬಹುಮಟ್ಟಿಗೆ ಮಾತ್ರೆಯ ಪಟ್ಟಿಯೊಂದಕ್ಕೆ ಇಳಿಯಿತು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳವನ್ನು ಎದೆ ಸೀಳದೆ ಬಲೂನಿನಿಂದ ಹಿಗ್ಗಿಸಿದ ಮೇಲೆ, ಒಂದು ಕಾಲಕ್ಕೆ ಎಲ್ಲಕ್ಕಿಂತ ಪ್ರತಿಷ್ಠಿತವಾಗಿದ್ದ ಹೃದಯ ಶಸ್ತ್ರಚಿಕಿತ್ಸೆಯ ತರಬೇತಿ ಸೀಟುಗಳು 2000ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಖಾಲಿ ಉಳಿಯುವಂತಾಯಿತು. ಇಂದಿನ ತಂತ್ರವನ್ನು ಪ್ರೀತಿಸಿ ವಿಭಾಗಕ್ಕೆ ಬಂದವರು ಆ ತಂತ್ರದೊಂದಿಗೆ ಒಂಟಿಯಾಗುತ್ತಾರೆ. ಆ ಅಂಗದ, ಆ ವಯಸ್ಸಿನ, ಆ ನೋವಿನ ರೋಗಿಗಳ ಜೊತೆಗಿರಲು ಬಂದವರು ಹೊಸ ತಂತ್ರವನ್ನು ಕಲಿತು ಮುಂದುವರಿಯುತ್ತಾರೆ.

ಆಯ್ಕೆಯನ್ನು ನಿಜವಾಗಿ ಬದಲಿಸಿದ ಪ್ರಯತ್ನಗಳನ್ನು ನೋಡಿದರೆ, ಅವು ಉಪದೇಶ ಮಾಡಿದ್ದಕ್ಕಿಂತ ತೋರಿಸಿದ್ದೇ ಹೆಚ್ಚು. ಜಪಾನಿನಲ್ಲಿ 1972ರಲ್ಲಿ ಸ್ಥಾಪನೆಯಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಪ್ರತಿ ಪ್ರಾಂತ್ಯದಿಂದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ, ಅವರು ತಮ್ಮ ಪ್ರಾಂತ್ಯಕ್ಕೆ ಮರಳಿ ಸಾಮಾನ್ಯವಾಗಿ ಒಂಬತ್ತು ವರ್ಷ ಸೇವೆ ಸಲ್ಲಿಸಿದರೆ ಶುಲ್ಕದ ಸಾಲ ಮನ್ನಾ ಆಗುತ್ತದೆ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ದೊಡ್ಡ ಆಸ್ಪತ್ರೆಯ ಬದಲು ಗ್ರಾಮೀಣ ವೈದ್ಯರ ಜೊತೆ ಇಡೀ ವರ್ಷ ಇರಿಸಲು ಆರಂಭಿಸಿತು. ನಾಲ್ಕು ವಾರಕ್ಕೊಮ್ಮೆ ವಿಭಾಗ ಬದಲಿಸುವ ಬದಲು, ಅದೇ ಬಸುರಿಯನ್ನು ತಿಂಗಳುಗಟ್ಟಲೆ ನೋಡಿ, ಹೆರಿಗೆಗೆ ಜೊತೆಗಿದ್ದು, ಆ ಮಗುವಿಗೆ ಲಸಿಕೆ ಹಾಕುವವರೆಗೂ ವಿದ್ಯಾರ್ಥಿ ಅಲ್ಲೇ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಗ್ರಾಮೀಣ ವೈದ್ಯರ ಬಗ್ಗೆ ಕೊಟ್ಟ ಶಿಫಾರಸುಗಳಲ್ಲೂ ಮುಂಚೂಣಿಯಲ್ಲಿದ್ದದ್ದು ಗ್ರಾಮೀಣ ಹಿನ್ನೆಲೆಯವರಿಗೆ ಪ್ರವೇಶ, ದೊಡ್ಡ ನಗರಗಳ ಹೊರಗೆ ಕಾಲೇಜು, ಹಳ್ಳಿಗಳಲ್ಲಿ ತರಬೇತಿ.

ಅಂಥ ಅವಕಾಶವಿಲ್ಲದ ವಿದ್ಯಾರ್ಥಿಗಳಿಗೂ ಸಣ್ಣದೊಂದು ದಾರಿಯಿದೆ. ಒಲಿದ ವಿಭಾಗದಲ್ಲಿ ದೊಡ್ಡ ಆಸ್ಪತ್ರೆಯ ಪ್ರಾಧ್ಯಾಪಕರನ್ನು ಮಾತ್ರವಲ್ಲದೆ, ಹೊರಗೆ ದುಡಿಯುತ್ತಿರುವ ಐವತ್ತರ ಆಸುಪಾಸಿನ ತಜ್ಞರೊಬ್ಬರನ್ನು ಹುಡುಕಿ, ವಿಶೇಷವೇನೂ ಇಲ್ಲದ ದಿನವೊಂದನ್ನು ಬೆಳಗಿನಿಂದ ಸಂಜೆಯವರೆಗೆ ಅವರ ಜೊತೆ ಕಳೆಯುವುದು. ಏನು ಇಷ್ಟ ಎಂಬುದರ ಜೊತೆಗೆ ಯಾವುದು ಬೇಸರ ತರುತ್ತದೆ, ಯಾವ ರೋಗಿಯನ್ನು ಕಂಡರೆ ಮನಸ್ಸು ಹಿಂಜರಿಯುತ್ತದೆ ಎಂದೂ ಅವರನ್ನು ಕೇಳುವುದು. ಆರಿಸಿದ್ದು ಹೊಂದದಿದ್ದರೆ ಮೊದಲ ವರ್ಷದಲ್ಲೇ ಬಿಟ್ಟು ಬೇರೆಡೆ ಹೋದವರನ್ನು ಸೋತವರೆಂದು ನೋಡುವ ರೂಢಿಯನ್ನು ಸಂಸ್ಥೆಗಳೂ ಬಿಡಬೇಕು. ವಿಭಾಗ ಬದಲಿಸಲು ವರ್ಷಗಟ್ಟಲೆ ದಂಡ ಹಾಕುವ ನಿಯಮಗಳು ತಪ್ಪು ಆಯ್ಕೆಯನ್ನು ಮೂವತ್ತು ವರ್ಷದ ಶಿಕ್ಷೆಯಾಗಿಸುತ್ತವೆ.

ರಿಟ್ರ್ಯಾಕ್ಟರ್ ಹಿಡಿದಿದ್ದ ವಿದ್ಯಾರ್ಥಿನಿ ಎರಡು ವಾರದ ಬಳಿಕ ಅದೇ ಸರ್ಜನ್ನರ ಒಪಿಡಿಯಲ್ಲಿ ಒಂದು ಮೂಲೆಯಲ್ಲಿ ನಿಂತರೆ, ಅದೇ ರೋಗಿ ಹೊಲಿಗೆ ಬಿಚ್ಚಿಸಿಕೊಳ್ಳಲು ಬರುತ್ತಾರೆ. ರಕ್ತನಾಳದ ಮಾತೇ ಅಲ್ಲಿ ಬರುವುದಿಲ್ಲ. ಗಾಯದ ಅಂಚು ಏಕೆ ತುರಿಸುತ್ತದೆ, ಭಾರ ಯಾವಾಗ ಎತ್ತಬಹುದು, ಮಲಬದ್ಧತೆಗೆ ಏನು ಮಾಡಬೇಕು, ಕೆಲಸಕ್ಕೆ ರಜೆಯ ಚೀಟಿ ಎಷ್ಟು ದಿನದ್ದು ಎಂದು ಅವರು ಕೇಳುತ್ತಾರೆ. ಸರ್ಜನ್ ಒಂದೊಂದಕ್ಕೂ ಉತ್ತರಿಸಿ, ಚೀಟಿ ಬರೆದು, ಮುಂದಿನವರನ್ನು ಕರೆಯುತ್ತಾರೆ. ಹೊರಗೆ ಇನ್ನೂ ಇಪ್ಪತ್ತಾರು ಮಂದಿ ಕಾದಿರುತ್ತಾರೆ. ಆ ಇಪ್ಪತ್ತಾರು ಮಂದಿಯೂ ಒಳಗೆ ಬಂದು ಹೋಗುವವರೆಗೆ ಆಕೆ ಅಲ್ಲಿ ನಿಂತಿರಲು ಬಿಡುವು ಮಾಡಿಕೊಡುವ ವೇಳಾಪಟ್ಟಿ ಹೆಚ್ಚಿನ ಕಾಲೇಜುಗಳಲ್ಲಿ ಇನ್ನೂ ಇಲ್ಲ.